ಇಂದ್ರಾಬಾಯಿಯ ಎಡೆ

ತಾನು ಸತ್ತ ಸುದ್ದಿ ಇಂದ್ರಾಬಾಯಿಗೆ ಗೊತ್ತಾದದ್ದು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಗ.

ಇಂಡಿಯಿಂದ ಬಸ್ಸು ಹಿಡಿದು ಬಂದ ಮೋದಿನಸಾಬ ಸಿಂದಗಿಯ ಆ ಮನೆಯ ಹೊಸ್ತಿಲಲ್ಲಿ ಕುಸಿದು ಕೂತು, ಹೆಗಲ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ನಾಟಕ ಕಂಪನಿಯಲ್ಲಿ ಆಕೆಯ ಹಾಡುಗಳಿಗೆ ವರ್ಷಾನುಗಟ್ಟಲೆ ಹಾರ್ಮೋನಿಯಂ ಪೇಟಿ ಬಾರಿಸಿದ ಮಾಸ್ತರ ಆತ. ಅತ್ತು ಮುಗಿಸಿ ವಸ್ತ್ರ ಸರಿಸಿ ನೋಡಿದರೆ, ಮೊರ ಹಿಡಿದುಕೊಂಡು ಸತ್ತವಳೇ ಎದುರಿಗೆ ಕೂತಿದ್ದಾಳೆ.

"ಯಾ ಅಲ್ಲಾ! ಬಾಯಾರ, ನೀವು ಅದೀರಿ?"

"ಇರದ ಎಲ್ಲಿ ಹೋಗ್ಲಿ ಮಾಸ್ತರ? ಯಾಕ ಅಳಾಕತ್ತೀರಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?"

"ನೀವ ಸತ್ತೀರಿ ಅಂತ ಅಳಾಕತ್ತೇನ್ರಿ! ಮನಗೂಳಿ ಅಡತಿ ಅಂಗಡಿ ರೇವಣಪ್ಪ ನಮ್ಮ ಇಂಡಿ ಸಂತ್ಯಾಗ ಹೇಳಿದ. ಸತ್ತು ಎರಡು ವರ್ಷ ಆತಂತ. ನನಗೊಂದು ಮಾತು ತಿಳಸಲಿಲ್ಲಲಾ ಅಂತ ಬಸ್ಸಿನ್ಯಾಗ ಅಳೂ ಬಂತು, ಸಿಟ್ಟೂ ಬಂತು."

ಇಂದ್ರಾಬಾಯಿ ಗಟ್ಟಿಯಾಗಿ ನಕ್ಕಳು. "ಆ ರೇವಣಪ್ಪಗ ಯಾರ ಹೇಳಿದ್ರಂತ?"

"ನಿಮ್ಮ ಗುರಣ್ಣನ ಹೇಳ್ಯಾನಂತ್ರಿ."

ನಗು ಅಲ್ಲಿಗೆ ನಿಂತಿತು. ಆಕೆ ಅಡಿಗೆಮನೆಯ ಕಡೆ ತಿರುಗಿ ನೋಡಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿ ರೇವವ್ವನ ಕೈ ಸಪ್ಪಳವೂ ನಿಂತಿತ್ತು. ಆಕೆಗೆ ಮೊದಲೇ ಗೊತ್ತಿತ್ತು ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ಮನೆಯ ಸಂಗತಿ ಇಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಕತೆ ಹೇಳುವ ನನಗೆ ಯಾಕೆ ಇಷ್ಟು ಸಿಟ್ಟು ಎಂದು ಓದುವವರಿಗೆ ತಿಳಿಯುವುದಿಲ್ಲ. ಇಂದ್ರಾಬಾಯಿ ಹುಟ್ಟಿದ್ದು ಮುದ್ದೇಬಿಹಾಳದ ಕಡೆಯ ಕುರಿ ಕಾಯುವವರ ಮನೆಯಲ್ಲಿ. ಹೆತ್ತವರು ಇಟ್ಟ ಹೆಸರು ಇಂದ್ರವ್ವ. ದನಿ ಚೆನ್ನಾಗಿದೆಯೆಂದು ನಾಟಕ ಕಂಪನಿಯವರು ಕರೆದುಕೊಂಡು ಹೋಗಿ ಆಕೆಯನ್ನು ಇಂದ್ರಾಬಾಯಿ ಮಾಡಿದರು. ಆದರೆ ನಾಯಕಿಯ ಪಾತ್ರ ಮಾತ್ರ ಒಮ್ಮೆಯೂ ಕೊಡಲಿಲ್ಲ; ಮೂಗು ದಪ್ಪ ಎಂದರು. ಇಪ್ಪತ್ತೆರಡರ ಹರೆಯದಲ್ಲಿ, ನಲವತ್ತು ದಾಟಿದ ಮಾಲಕನಿಗೆ ತಾಯಿಯಾಗಿ ಬಣ್ಣ ಹಚ್ಚಿದಳು. ಮುಂದೆ ಅತ್ತೆ, ಸವತಿ, ಸೂಲಗಿತ್ತಿ, ಊರ ಜಗಳಗಂಟಿ. ಬಸವನ ಬಾಗೇವಾಡಿಯ ಕ್ಯಾಂಪಿನಲ್ಲಿ ಆಕೆ ಸೊಸೆಯನ್ನು ಬಡಿಯುವ ದೃಶ್ಯ ನಡೆದಾಗ, ಮುಂದೆ ಕೂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಎದ್ದು ಕಾಲಿನ ಚಪ್ಪಲಿ ತೆಗೆದು ಒಗೆದಿದ್ದಳು. ಆ ಒಂಟಿ ಚಪ್ಪಲಿಯನ್ನು ಇಂದ್ರಾಬಾಯಿ ಬಹುಮಾನವೆಂದು ಟ್ರಂಕಿನಲ್ಲಿ ಇಟ್ಟುಕೊಂಡಳು.

ಆಮೇಲೆ ಮದರಾಸು, ಸಿನಿಮಾ. ಅಲ್ಲಿಯೂ ನಾಯಕನ ಬಡ ತಾಯಿಯೇ. ತಲೆಗೆ ಬಿಳಿ ಬಣ್ಣ ಬಳಿದು, ಹಣೆ ಬರಿದು ಮಾಡಿ, ಮಧ್ಯಂತರಕ್ಕೆ ಮುಂಚೆ ಕೆಮ್ಮಿ ಕೆಮ್ಮಿ ಸಾಯಿಸಿದರು. ಮುಂದಿನ ಅರ್ಧ ಸಿನಿಮಾದ ತುಂಬ ಗಂಧದ ಹಾರ ಹಾಕಿದ ಆಕೆಯ ಫೋಟೋ ಗೋಡೆಯ ಮೇಲೆ. ಅದರ ಮುಂದೆ ನಿಂತು ನಾಯಕ ಶಪಥ ಮಾಡುವುದು. ಸಿನಿಮಾ ಓಡಿತು. ಮುಂದಿನ ಸಿನಿಮಾಕ್ಕೂ ತಾಯಿ ಬೇಕಾಯಿತು. "ನೀವು ಬರೋದೇನೂ ಬೇಡಮ್ಮ, ಫೋಟೋ ಇದೆಯಲ್ಲ, ಸಾಕು" ಎಂದರು. ಹೀಗೆ ಎರಡು ಸಿನಿಮಾಗಳಲ್ಲಿ ಆಕೆಯ ಪಾತ್ರವನ್ನು ಆಕೆಯ ಫೋಟೋವೇ ಮಾಡಿತು. ಮೂರನೆಯದರಲ್ಲಿ ಆಕೆ ಜಗಳ ತೆಗೆದು, ಹಾರದ ಸಮೇತ ಫೋಟೋ ಕಿತ್ತುಕೊಂಡು ರೈಲು ಹತ್ತಿ ಊರಿಗೆ ಬಂದಳು. ಟ್ರಂಕಿನಲ್ಲಿ ಚಪ್ಪಲಿಯ ಪಕ್ಕದಲ್ಲಿ ಅದು ಬಿದ್ದುಕೊಂಡಿತ್ತು.

ಬಂದದ್ದು ತಾನೇ ಕಟ್ಟಿಸಿದ ಮನೆಗೆ. ತಮ್ಮ ಮಾಳಿಂಗಪ್ಪ ಉಳುವ ಹೊಲ ಆಕೆ ತೆಗೆದುಕೊಟ್ಟದ್ದು. ತಮ್ಮನ ಮಗ ಗುರಣ್ಣ ದೇವಣಗಾಂವದ ಸಾಲಿಯಲ್ಲಿ ಮಾಸ್ತರನಾದದ್ದು ಆಕೆ ಬಣ್ಣ ಹಚ್ಚಿದ್ದರಿಂದ. ಗುರಣ್ಣನ ತಂಗಿ ಮಾಯವ್ವನಂತೂ ಚಿಕ್ಕಂದಿನಿಂದ ಅತ್ತೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಉಂಡ ಮನೆಯ ಗಳ ಎಣಿಸುವವರನ್ನು ನೋಡಿದ್ದೇನೆ. ಕಟ್ಟಿಸಿಕೊಟ್ಟವಳ ಉಸಿರು ಎಣಿಸಿದವನನ್ನು ನೋಡಿದ್ದು ಇದೇ ಮೊದಲು.

ಮೋದಿನಸಾಬ ಚಹಾ ಕುಡಿದು ಎದ್ದ. ಹೊರಡುವಾಗ ರೇವವ್ವನಿಗೆ ಕೇಳುವ ಹಾಗೆ, "ಬಾಯಾರ, ನಾ ಜಲಮದಾಗ ಎಂಥೆಂಥಾ ಕೆಟ್ಟ ಹಾಡಿಗೂ ಪೇಟಿ ಬಾರಿಸೇನಿ. ಈ ಸುಳ್ಳಿಗಿ ಮಾತ್ರ ಬಾರಸೂದಿಲ್ಲ" ಎಂದು ಹೇಳಿ ಹೋದ.

ಸಂಜೆ ಗುರಣ್ಣ ಸೈಕಲ್ಲು ಒಳಗಿಟ್ಟು ಊಟಕ್ಕೆ ಕೂತ. ಇಂದ್ರಾಬಾಯಿ ತಾಟಿಗೆ ರೊಟ್ಟಿ ಹಾಕಿ, ಶೇಂಗಾ ಹಿಂಡಿ ಬಡಿಸಿ, ಎದುರಿಗೇ ಕೂತಳು.

"ಉಣ್ಣು. ಸತ್ತಾಕಿ ಬಡಿಸ್ಯಾಳ ಅಂತ ಅಂಜಬ್ಯಾಡ."

ಗುರಣ್ಣ ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟ. ನೀರು ಕುಡಿದು, ಅವ್ವನ ಮುಖ ನೋಡಿ, ಕೊನೆಗೆ ಬಾಯಿ ಬಿಟ್ಟ. "ನಾ ಏನ್ ಮಾಡ್ಲಿ ಅತ್ತಿ? ಮಾಯವ್ವನ ಮಾತು ತಗದಾಗ ರೇವಣಪ್ಪ ಕೇಳಿದ ಮೊದಲನೇ ಮಾತ ಅದು. 'ನಾಟಕದ ಬಾಯಿ ಇನ್ನೂ ನಿಮ್ಮ ಮನ್ಯಾಗ ಅದಾಳೇನು?' ಆತನ ಮಗ ಓವರ್‌ಸೀಯರ್. ಅಂಥಾ ಸಂಬಂಧ ಮತ್ತ ಎಲ್ಲಿ ಸಿಗತೈತಿ?"

"ಅದಕ್ಕ ಕೊಂದಿ?"

"ಕೊಲ್ಲೂದೇನ ಬಂತು. ಬಾಯಿಗಿ ಬಂತು, ಅಂದೆ. ಲಗ್ನದ ಅಕ್ಕಿಕಾಳ ಬಿದ್ದ ಮ್ಯಾಲ ಗೊತ್ತಾದ್ರ ಏನಾಗತೈತಿ?"

"ಹೋಗ್ಯಾಳ ಅನ್ನಬೇಕಿತ್ತು. ಮುದ್ದೇಬಿಹಾಳಕ್ಕ ಹೋಗ್ಯಾಳ, ಮದರಾಸಿಗಿ ಹೋಗ್ಯಾಳ. ಸಾಯಿಸೂದ ಯಾಕ ಬೇಕಿತ್ತೋ ಮಾಸ್ತರ?"

ರೇವವ್ವ ಮಗನ ಬೆನ್ನಿಗೆ ಬಂದಳು. "ಆಡಿದ ಮಾತು ಆಡ್ಯಾನ್ರಿ ಅಕ್ಕಾರ. ಈಗ ಬ್ಯಾರೇನ ಪೇಚು ಬಂದೈತಿ. ಅವರ ಮನಿತನದಾಗ ಸತ್ತವರ ಮನಿಗಿ ಮಾತಾಡಸಾಕ ಬರದ ಬೀಗತನ ಮಾಡೂದಿಲ್ಲಂತ. ಅಮಾಸಿ ಆದ ಮ್ಯಾಲ ಬರ್ತಾರಂತ. ಎಡಿ ಹಿಡದಿರಿ, ಕೈ ಮುಗದು ಹೋಗ್ತೇವಿ ಅಂದಾರ."

ಹೀಗಿದೆ ನೋಡಿ ಸುಳ್ಳಿನ ಬಾಳುವೆ. ಒಂದು ಮಾತಿನಲ್ಲಿ ಸಾಯಿಸಿದರೆ ಆಗಲಿಲ್ಲ. ಸತ್ತವಳಿಗೆ ಎಡೆ ಬೇಕು, ಎಡೆಗೆ ಫೋಟೋ ಬೇಕು. ಫೋಟೋ ತಯಾರೇ ಇತ್ತು, ಹಾರದ ಸಮೇತ.

ಇಂದ್ರಾಬಾಯಿ ತಮ್ಮನ ಕಡೆ ತಿರುಗಿದಳು. ಗೋಡೆಗೆ ಒರಗಿ ಕೂತ ಮಾಳಿಂಗಪ್ಪ ಬೀಡಿ ಸೇದುತ್ತಿದ್ದ. "ನೀ ಏನಂತಿ ತಮ್ಮಾ?"

"ನಾ ಏನ ಹೇಳ್ಲಿ ಅಕ್ಕ," ಎಂದು ಆತ ನೆಲ ನೋಡಿದ. "ಹುಡುಗಿ ಬಾಳೇದ ಪ್ರಶ್ನಿ. ಒಂದು ದಿನದ ಪಾತ್ರ ಅಂತ ತಿಳಕೋ."

ಇಂದ್ರಾಬಾಯಿಗೆ ಆ ಮಾತು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಬಾಗಿಲ ಮರೆಯಲ್ಲಿ ನಿಂತಿದ್ದ ಮಾಯವ್ವನ ಮುಖ ನೋಡಿ ಜಗಳ ತೆಗೆಯಲಿಲ್ಲ. ಹುಡುಗಿಗೆ ಆ ವರ ಒಪ್ಪಿಗೆಯಾಗಿದ್ದ. ಬಾಗೇವಾಡಿಯ ಸಂಬಂಧಿಕರ ಮನೆಯಲ್ಲಿ ಒಮ್ಮೆ ನೋಡಿ ಬಂದು, ಎರಡು ದಿನ ತಾನೇ ತಾನಾಗಿ ಹಾಡಿಕೊಂಡಿದ್ದಳು.

"ಒಂದ ಮಾತು ಕೇಳ್ತೇನಿ ಗುರಣ್ಣ. ಅರಿಷಿಣದ ದಿನ ಏನು? ಮದಲ ಅರಿಷಿಣ ಸೋದರತ್ತಿ ಹಚ್ಚಬೇಕು. ಇದು ನಿಮ್ಮಜ್ಜನ ಕಾಲದಿಂದ ಬಂದದ್ದು. ಮಾಯವ್ವಗ ಯಾರ ಹಚ್ಚವರು?"

"ನೀವ ಹಚ್ಚೀರಿ. ಯಾರ ಬ್ಯಾಡ ಅಂದಾರ? ಅಷ್ಟೊತ್ತಿಗಿ ನಾ ಎಲ್ಲಾ ಸರಿ ಮಾಡಿರ್ತೇನಿ."

"ಮಾತು ಕೊಡತಿ?"

"ಕೊಟ್ಟೆ."

ಇಂದ್ರಾಬಾಯಿಗೆ ಗಂಡನಿಲ್ಲ, ಮಕ್ಕಳಿಲ್ಲ. ರಂಗದ ಮೇಲೆ ನೂರು ಮದುವೆಗಳಲ್ಲಿ ತಾಯಿಯಾಗಿ ನಿಂತವಳು, ನಿಜವಾದ ಒಂದು ಮದುವೆಯಲ್ಲಿ ಅರಿಷಿಣದ ಬಟ್ಟಲು ಹಿಡಿಯಬೇಕೆಂದು ಹುಡುಗಿ ಮೈನೆರೆದಂದಿನಿಂದ ಕಾದಿದ್ದಳು. ಆಕೆಯ ಆಸೆ ಅಷ್ಟೇ ಇತ್ತು. ಅದಕ್ಕಾಗಿ ಒಂದು ದಿನ ಸತ್ತಿರಲು ಒಪ್ಪಿಕೊಂಡಳು.

ಮುಂದಿನ ದಿನಗಳಲ್ಲಿ ಮನೆಯವರ ಉತ್ಸಾಹ ಹೇಳತೀರದು. ಗುರಣ್ಣ ಫೋಟೋದ ಗಾಜು ಒರೆಸಿ ಪಡಸಾಲೆಯ ನಡುಗೋಡೆಗೆ ಮೊಳೆ ಹೊಡೆದ. ಮೊಳೆ ಹೊಡೆಯುವಾಗ ಆಕೆಯೇ ಸ್ಟೂಲು ಅಲುಗಾಡದಂತೆ ಹಿಡಿದುಕೊಳ್ಳಬೇಕಾಯಿತು. ರೇವವ್ವ ಹೋಗುತ್ತ ಬರುತ್ತ ಪಾಠ ಹೇಳಿದಳು. ಬೀಗರು ಬಂದಾಗ ಅಕ್ಕಾರು ಅಡಿಗೆಮನೆಯಲ್ಲೇ ಇರಬೇಕು. ಕೇಳಿದರೆ ಅಡಿಗೆಗೆ ಕರೆಸಿದ ಹೆಣ್ಣುಮಗಳು ಎಂದು ಹೇಳುತ್ತೇವೆ.

"ಮಾತಾಡಬ್ಯಾಡ್ರಿ ಮತ್ತ. ನಿಮ್ಮ ದನಿ ಗುರ್ತ ಹಿಡೀತಾರ."

"ಮಾರಿ ಗುರ್ತ ಹಿಡಿಯೂದಿಲ್ಲೇನು?"

"ಫೋಟೋದಾಗ ನೀವು ಹಣ್ಣ ಹಣ್ಣ ಮುದುಕಿ ಅದೀರಿ. ಯಾರೂ ಹಿಡಿಯೂದಿಲ್ಲ."

ಅದು ನಿಜವೇ. ಹಾರದೊಳಗಿನ ಬಿಳಿ ತಲೆಯ ಮುದುಕಿಗಿಂತ, ಐವತ್ತು ದಾಟಿದ ಈ ಇಂದ್ರಾಬಾಯಿಯೇ ಚಿಕ್ಕವಳಾಗಿ ಕಾಣುತ್ತಿದ್ದಳು.

ಬೀಗರು ಬರುವ ದಿನ ಬಂತು. ಬೆಳಿಗ್ಗೆಯಿಂದ ಇಂದ್ರಾಬಾಯಿ ಬೇಳೆ ಬೇಯಿಸಿ, ಹೂರಣ ರುಬ್ಬಿ, ತನ್ನ ಎಡೆಗೆ ತಾನೇ ಹೋಳಿಗೆ ಮಾಡಿದಳು. ಕಟ್ಟಿನ ಸಾರು ಕುದಿಸಿದಳು, ಬದನೆಕಾಯಿಗೆ ಎಣ್ಣೆ ಬಿಟ್ಟಳು. ನೆರವಿಗೆ ಬಂದ ಮಾಯವ್ವನನ್ನು ರೇವವ್ವ ಗದರಿಸಿದಳು. "ಎಡಿ ಮುಟ್ಟಬ್ಯಾಡ ನೀನು. ಲಗ್ನ ಆಗೂ ಹುಡುಗಿ ಸತ್ತವರ ಎಡಿ ಮುಟ್ಟಬಾರದು." ಮಾಯವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಒಲೆಯ ಕಡೆ ನೋಡುತ್ತಿದ್ದಳು.

ರೇವಣಪ್ಪ ಜೀಪಿನಲ್ಲಿ ಬಂದ. ಜೊತೆಗೆ ಅವನ ತಾಯಿ ನಿಂಬೆವ್ವ ಮತ್ತು ಇಬ್ಬರು ಹೆಂಗಸರು. ನಿಂಬೆವ್ವ ಮಡಿಲಲ್ಲಿ ಹೂವು ಕಟ್ಟಿಕೊಂಡು ಬಂದಿದ್ದಳು. ಫೋಟೋದ ಕೆಳಗೆ ಮಣೆಯ ಮೇಲೆ ಎಡೆ ಇಟ್ಟಿದ್ದರು. ಮುದುಕಿ ಅದರ ಮುಂದೆ ಕೂತು, ಸೆರಗು ಬಾಯಿಗಿಟ್ಟು ನಿಜವಾಗಿಯೂ ಅತ್ತಳು.

"ಏನಾಗಿತ್ತಪಾ ಮಾಸ್ತರ ಆಕೀಗಿ?"

ಗುರಣ್ಣ ಕಣ್ಣು ಒರೆಸಿಕೊಂಡ. "ಕೆಮ್ಮರಿ ಆಯಿ. ಆರು ತಿಂಗಳ ಹಾಸಿಗಿ ಹಿಡಿದ್ಲು. ನಮ್ಮವ್ವ ಕೂಸಿನಂಗ ನೋಡಿಕೊಂಡ್ಲು. ನಾ ರಜಾ ಹಾಕಿ ತಲಿದೆಸೀಗಿ ಕುಂತೆ. ನಮ್ಮ ಪುಣ್ಯೇದಾಗ ಇಷ್ಟ ಇತ್ತು."

ಸಿನಿಮಾದ ಕೆಮ್ಮನ್ನೇ ಕದ್ದಿದ್ದ ಮಾಸ್ತರ! ಅಡಿಗೆಮನೆಯ ಬಾಗಿಲ ಮರೆಯಲ್ಲಿ ಮಜ್ಜಿಗೆಯ ಗಡಿಗೆ ಹಿಡಿದು ನಿಂತ ಇಂದ್ರಾಬಾಯಿಗೆ ಮೈಯೆಲ್ಲ ಉರಿಯಿತು. ಹೋದ ಚಳಿಗಾಲ ಜ್ವರ ಬಂದು ಮಲಗಿದಾಗ ಇದೇ ಗುರಣ್ಣ "ಪರೀಕ್ಷಾ ಪೇಪರ್ ತಿದ್ದೂದೈತಿ, ನರಳಬ್ಯಾಡ್ರಿ" ಎಂದು ಕದ ಎಳೆದುಕೊಂಡು ಹೋಗಿದ್ದ. ಗಂಜಿ ತಂದುಕೊಟ್ಟವಳು ಮಾಯವ್ವ ಒಬ್ಬಳೇ. ಅದೂ ಅಲ್ಲದೆ ಅಳುವಾಗ ಹಾಗೆ ಮೂಗು ಎಳೆಯಬಾರದು ಎಂಬಷ್ಟೂ ಅವನಿಗೆ ಗೊತ್ತಿರಲಿಲ್ಲ.

ನಿಂಬೆವ್ವ ಫೋಟೋ ನೋಡುತ್ತ ಹೇಳಿದಳು. "ನಾ ಆಕೀನ ಬಾಗೇವಾಡಿ ಕ್ಯಾಂಪಿನ್ಯಾಗ ನೋಡಿದ್ದೆ. ಸೊಸೀನ ಏನ್ ಬಡೀತಿದ್ಲು! ನನಗೂ ಅಂಥಾ ಅತ್ತೀನ ಇದ್ಲು. ಸಿಟ್ಟು ತಡೀಲಿಲ್ಲ, ಚಪ್ಪಲಿ ಒಗದಬಿಟ್ಟೆ. ನಮ್ಮ ಮನಿಯವರು ಬೈದ್ರು, ಆಕಿ ಖರೇನ ಅತ್ತಿ ಅಲ್ಲೋ ಹುಚ್ಚಿ ಅಂತ. ಅವತ್ತಿಂದ ಮನಸಿನ್ಯಾಗ ಉಳದಿತ್ತು, ಎಲ್ಲೆರೆ ಸಿಕ್ರ ತಪ್ಪಾತು ಅನಬೇಕಂತ. ಸಿಗಲಿಲ್ಲ. ಹೋಗೇಬಿಟ್ಲು."

ಬಾಗಿಲ ಮರೆಯಲ್ಲಿ ಇಂದ್ರಾಬಾಯಿಯ ಕಣ್ಣು ತುಂಬಿತು. ಇಷ್ಟು ವರ್ಷದ ನಟನೆಗೆ ಮನೆಯೊಳಗೆ ಒಂದು ಒಳ್ಳೆಯ ಮಾತು ಕೇಳಿದ್ದು ಅಂದೇ. ಅದನ್ನು ಕೇಳಲು ಸಾಯಬೇಕಾಗಿ ಬಂತು.

ರೇವಣಪ್ಪ ಗಂಟಲು ಸರಿಮಾಡಿಕೊಂಡು ಕೆಲಸದ ಮಾತಿಗೆ ಬಂದ. "ಆತು, ಹೋದವರು ಹೋದ್ರು. ಮುಂದಿನ ಮಾತು ಆಡೂಣು. ಸೋದರತ್ತಿ ಇಲ್ಲಂದ ಮ್ಯಾಲ ಮದಲ ಅರಿಷಿಣ ಯಾರು ಹಚ್ಚವರು?"

"ನಮ್ಮಪ್ಪನ ಕಾಕಾನ ಮಗಳು ಒಬ್ಬಾಕಿ ಮುಳವಾಡದಾಗ ಅದಾಳ್ರಿ," ಎಂದ ಗುರಣ್ಣ, ತಡವರಿಸದೆ. "ಆಕೀಗಿ ಹೇಳಿಟ್ಟೇವಿ. ಆಕೀನ ಹಚ್ಚತಾಳ."

ಹೇಳಿಟ್ಟಿದ್ದಾರೆ! ಅಂದರೆ ಮಾತು ಕೊಟ್ಟಾಗಲೇ ಇವನ ಮನಸ್ಸಿನಲ್ಲಿ ಇದು ಇತ್ತು. ಮಾಳಿಂಗಪ್ಪ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು.

ಇಂದ್ರಾಬಾಯಿ ಮಜ್ಜಿಗೆಯ ಗಡಿಗೆಯನ್ನು ಕೆಳಗಿಟ್ಟಳು. ಪಡಸಾಲೆಗೆ ಬಂದು, ಯಾರ ಮುಖವನ್ನೂ ನೋಡದೆ ತನ್ನ ಫೋಟೋದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಳು. ಎಡೆಯನ್ನು ಹತ್ತಿರ ಎಳೆದುಕೊಂಡಳು. ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು.

"ಏ, ಏ ಅಡಿಗಿಯಾಕಿ! ಏನ ಮಾಡಾಕತ್ತಿ?" ಎಂದು ಚೀರಿದಳು ರೇವವ್ವ. ಅಂಥ ಹೊತ್ತಿನಲ್ಲೂ ಆಕೆ ಪಾತ್ರ ಬಿಟ್ಟಿರಲಿಲ್ಲ.

ಇಂದ್ರಾಬಾಯಿ ತುತ್ತು ನುಂಗಿದಳು. ಆಮೇಲೆ, ಡೇರೆಯ ಕಟ್ಟಕಡೆಯ ಸಾಲಿಗೂ ಮುಟ್ಟುತ್ತಿದ್ದ ದನಿಯಲ್ಲಿ ಹೇಳಿದಳು.

"ಎಡಿ ಇಂದ್ರಾಬಾಯಿ ಹೆಸರಿಲೆ ಹಿಡಿದೀರಿ. ಇಂದ್ರಾಬಾಯಿ ಉಣ್ಣಾಕತ್ತಾಳ. ಯಾರಿಗೇನು ತಕರಾರ ಐತಿ?"

ನಿಂಬೆವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಇದು ಆಕೀದ ದನಿ! ಶಿವನ, ಇದು ಆಕೀನ!"

"ನಾನ ಬೇ ಯವ್ವ. ನಿನ್ನ ಚಪ್ಪಲಿ ಇನ್ನೂ ನನ್ನ ಟ್ರಂಕಿನ್ಯಾಗ ಐತಿ. ಎಡಗಾಲಿಂದು."

ರೇವಣಪ್ಪ ಎದ್ದು ನಿಂತ. "ಏನಿದು ಮಾಸ್ತರ? ಯಾರೀಕಿ?"

ಗುರಣ್ಣ ಓಡಿ ಬಂದು ಇಬ್ಬರ ನಡುವೆ ನಿಂತ. "ಆಕೀಗಿ... ಆಕೀಗಿ ತಲಿ ಸರಿ ಇಲ್ರಿ. ಹುಚ್ಚ ಐತಿ."

ಕೊಂದದ್ದು ಸಾಲದೆ ಈಗ ಹುಚ್ಚು ಹಿಡಿಸಿದ. ಮಾಳಿಂಗಪ್ಪ ತಟ್ಟನೆ ಎದ್ದ. ಅಷ್ಟು ವಾರ ನೆಲ ನೋಡಿದ್ದವನು ಮಗನ ಎದುರಿಗೆ ನಿಂತು ಹೇಳಿದ. "ಬಾಯಿ ಮುಚ್ಚ. ಆಕಿ ನಮ್ಮಕ್ಕ. ರೇವಣಪ್ಪಾರ, ಈಕಿ ನಮ್ಮಕ್ಕ ಇಂದ್ರವ್ವ. ಈ ಮನಿ ಆಕೀದು. ನಾವು ಸುಳ್ಳ ಹೇಳಿದ್ವಿ."

"ಮದರಾಸಿನವರು ಫೋಟೋ ಸಾಕು, ನೀವು ಬ್ಯಾಡ ಅಂದ್ರು," ಎಂದಳು ಇಂದ್ರಾಬಾಯಿ, ತಟ್ಟೆಯಿಂದ ತಲೆ ಎತ್ತದೆ. "ಜಗಳಾ ಮಾಡಿ ಬಂದೆ. ಅವರೇನು ನನ್ನ ಹೊಟ್ಟೀಲೆ ಹುಟ್ಟಿದವರಲ್ಲ, ನನ್ನ ಕೈತುತ್ತು ಉಂಡವರಲ್ಲ. ನೀನೂ ಅದನ್ನ ಅಂದ್ಯಲ್ಲೋ ಗುರಣ್ಣ? ಒಂದ ಬಟ್ಟಲ ಅರಿಷಿಣ ಕೇಳಿದ್ದೆ. ಹೊಲಾ ಕೇಳಿದ್ನೇನು? ಮನಿ ಕೇಳಿದ್ನೇನು?"

ರೇವಣಪ್ಪ ಚಪ್ಪಲಿ ಹುಡುಕುತ್ತ, "ನಡಿಯವ್ವ. ಇಂಥಾ ಮನಿ ಹೆಣ್ಣು ನಮಗ ಬ್ಯಾಡ. ಮುಗೀತು ಬೀಗತನ" ಎಂದ.

ನಿಂಬೆವ್ವ ನಿಧಾನ ಎದ್ದಳು. ಫೋಟೋಕ್ಕೆಂದು ತಂದ ಹೂವು ಇನ್ನೂ ಅವಳ ಮಡಿಲಲ್ಲಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕ್ಷಣ ನಿಂತು, ಬಗ್ಗಿ ಇಂದ್ರಾಬಾಯಿಯ ಉಡಿಯಲ್ಲಿ ಹಾಕಿದಳು. ಆಮೇಲೆ ಗುರಣ್ಣನ ಕಡೆ ತಿರುಗಿದಳು.

"ನಾಟಕದಾಕಿ ಮನ್ಯಾಗ ಅದಾಳೇನಂತ ಕೇಳಿದ್ದು ನಮ್ಮ ಸಣ್ಣತನ. ನನ್ನ ಮಗಗ ಮನಿಗಿ ಹೋಗಿ ಹೇಳ್ತೇನಿ. ನಿನಗ ಇಲ್ಲೇ ಹೇಳ್ತೇನಿ. ನಾ ಚಪ್ಪಲಿ ಒಗದದ್ದು ನಾಟಕದಾಗಿನ ಅತ್ತೀಗಿ. ಇವತ್ತ ಒಗೀಬೇಕಾದವ ಎದುರಿಗಿ ನಿಂತಾನ. ನನ್ನ ಕೈಯಾಗ ಕಸುವಿಲ್ಲ."

ಜೀಪು ಹೋಯಿತು. ಅದರ ಸದ್ದು ಅಡಗುವ ಮೊದಲೇ ರೇವವ್ವ ಶುರು ಮಾಡಿದಳು. "ಆತಿಲ್ಲ? ಹೊಟ್ಟಿ ತಣ್ಣಗಾತಿಲ್ಲ ಅಕ್ಕಾರ? ನನ್ನ ಮಗಳ ಬಾಳೇಕ್ಕ ಮಣ್ಣ ಹಾಕಿದ್ರಿ! ಒಂದು ದಿನ ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನು?"

"ಒಂದು ದಿನ ಅಂದಿದ್ರ ಇರ್ತಿದ್ದೆ. ಜಲಮ ಪೂರ್ತಿ ಸತ್ತಿರು ಅಂದ್ರ ಹ್ಯಾಂಗ ಇರ್ಲಿ?"

ಮಾಳಿಂಗಪ್ಪ ಒಳಗಿನಿಂದ ಸ್ಟೂಲು ತಂದು ಫೋಟೋದ ಕೆಳಗೆ ಕುಕ್ಕಿದ. "ಹತ್ತು," ಎಂದ ಮಗನಿಗೆ. "ನೀನ ಹಾಕಿದಿ. ನೀನ ತಗೀ."

ಗುರಣ್ಣ ಅಪ್ಪನ ಮುಖ ನೋಡಿದ. ಈ ಸಲ ಆತ ನೆಲ ನೋಡಲಿಲ್ಲ. ಗುರಣ್ಣ ಹತ್ತಿದ. ಈಗ ಸ್ಟೂಲು ಹಿಡಿಯಲು ಯಾರೂ ಬರಲಿಲ್ಲ.

ಆಗ ಮಾಯವ್ವ ಕೋಣೆಯಿಂದ ಹೊರಗೆ ಬಂದಳು. ಬೀಗರಿಗೆ ತೋರಿಸಲೆಂದು ಉಡಿಸಿದ್ದ ಹೊಸ ಇಳಕಲ್ ಸೀರೆ ಮೈಮೇಲಿತ್ತು. ಅತ್ತು ಕಣ್ಣು ಕೆಂಪಾಗಿದ್ದವು. ಆಕೆ ಅಂಗಳದ ಕಡೆ, ಜೀಪು ಹೋದ ದಾರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಬಂದು ಅತ್ತೆಯ ಎದುರು ಕೂತು, ಅದೇ ಎಡೆಗೆ ಕೈ ಚಾಚಿ ಹೋಳಿಗೆ ಮುರಿದಳು.

ರೇವವ್ವ ಓಡಿ ಬಂದಳು. "ಕೈ ತಗೀ! ಲಗ್ನಾಗೂ ಹುಡುಗಿ ಸತ್ತವರ ಎಡಿ ಮುಟ್ಟಬಾರದು ಅಂತ ಹೇಳಿಲ್ಲೇನ ನಿನಗ?"

ಮಾಯವ್ವ ತುತ್ತನ್ನು ಬಾಯಿಗಿಟ್ಟುಕೊಂಡಳು.

"ಯಾರು ಸತ್ತಾರ ಬೇ ಅವ್ವ, ಈ ಮನ್ಯಾಗ?"

ಗಂಧದ ಹಾರ ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ ಗುರಣ್ಣ ಮೊಳೆಯಿಂದ ಫೋಟೋ ಕಳಚಿದ.